ಗಂಗಕ್ಕನ ಹಿತ್ತಲಿನ ನೆಂಟರು

ಹರಿಹರದ ಗಂಗಕ್ಕನ ಖಾನಾವಳಿಯಲ್ಲಿ ಮರ್ಯಾದೆಯೆಲ್ಲ ಹಿತ್ತಲಿಗೆ ಮೀಸಲು. ಒಳಗೆ ಉಣ್ಣಲು ಬಂದ ನಮಗೆ, “ಏ, ತಾಟು ತಗಾ, ಕುಂದ್ರು” ಎಂಬ ಗದರಿಕೆ. ಊಟದ ಹೊತ್ತು ಮುಗಿದ ಮೇಲೆ ಎಲುಬಿನ ಬೋಗುಣಿ ಹಿಡಿದು ಹಿತ್ತಲಿಗೆ ಹೋದರೆ ದನಿಯೇ ಬೇರೆ. “ಬರ್ರಿ ನೆಂಟ್ರೇ, ಬರ್ರಿ, ಉಣ್ರಿ!” ನೆಂಟರೆಂದರೆ ಕಾಗೆಗಳು, ಹದ್ದುಗಳು, ಬೀದಿನಾಯಿಗಳು.

ದಾವಣಗೆರೆಯಿಂದ ಕೆಲಸಕ್ಕೆ ಬರುತ್ತಿದ್ದ ನಾನು ಅಲ್ಲಿ ವರ್ಷಗಟ್ಟಲೆ ಉಂಡಿದ್ದೇನೆ. ಒಮ್ಮೆ ಯಾರೋ ಕಾಗೆಗೆ ಕಲ್ಲೆತ್ತಿ, “ಹೊಲಸು ತಿನ್ನೋ ಹಕ್ಕಿ” ಎಂದ. ಸೌಟು ಹಿಡಿದೇ ಗಂಗಕ್ಕ ಹೊರಬಂದಳು.

“ಹೊಲಸು ಮಾಡಿದ್ದು ನೀನು. ತಿಂದು ಜಾಗ ಚೊಕ್ಕ ಮಾಡಿದ್ದು ಅದು. ಈಗ ಹೇಳು, ಯಾರು ಹೊಲಸು?”

ಅವಳ ತವರು ಕುಕ್ಕುವಾಡ. ಚಿಕ್ಕಂದಿನಲ್ಲಿ ಸತ್ತ ಎಮ್ಮೆಯನ್ನು ಊರಾಚೆ ಎಳೆದು ಹಾಕಿದರೆ ಸಂಜೆಯೊಳಗೆ ರಣಹದ್ದುಗಳು ಎಲುಬು ಬಿಟ್ಟು ಏನೂ ಉಳಿಸುತ್ತಿರಲಿಲ್ಲವಂತೆ. “ಈಗ ಗುತ್ತೂರು ದಾರ‍್ಯಾಗೆ ಎಮ್ಮೆ ಬಿದ್ದು ನಾರಾಕತ್ತೈತೆ. ಮೂಗು ಮುಚ್ಕಂಡು ಓಡಾಡ್ರಿ. ಉಂಡು ಹೋಗೋರ‍್ನ ನೀವೇ ಓಡಿಸೀರಲ್ಲ!”

ಪಕ್ಕದ ಕಿರಾಣಿ ಅಂಗಡಿಯ ವಿರೂಪಣ್ಣನಿಗೆ ನಾಯಿಗಳ ಕಾಟ ತಾಳಲಾಗಲಿಲ್ಲ. ಮಾಂಸಕ್ಕೆ ವಿಷ ಬೆರೆಸಿ ಹಿತ್ತಲ ಗೋಡೆಯಾಚೆ ಇಟ್ಟ. ನಾಯಿಗಳು ಸತ್ತವು. ಆ ಮಾಂಸಕ್ಕೆ, ಆ ಹೆಣಗಳಿಗೆ ಬಾಯಿ ಹಾಕಿದ ಕಾಗೆಗಳೂ ಹದ್ದುಗಳೂ ಸತ್ತವು. ಗಂಗಕ್ಕ ಸತ್ತ ಕಾಗೆಗಳನ್ನೆಲ್ಲ ಮೊರಕ್ಕೆ ತುಂಬಿ ತಂದು ಅವನ ಅಂಗಡಿಯ ಮುಂದೆ ಸುರಿದಳು.

“ನಿಮ್ಮಪ್ಪನ ತಿಥಿ ದಿನ ಕಾ ಕಾ ಅಂತ ಗಂಟ್ಲು ಹರ‍್ಕಂಡಿ. ಉಳಿದ ದಿನ ವಿಷ ಇಡ್ತೀ? ಥೂ ನಿನ್ನ!”

“ಹುಚ್ಚು ಹಿಡಿದೈತೆ ಇವಳಿಗೆ,” ಎಂದು ವಿರೂಪಣ್ಣ ನಕ್ಕ. ಬೀದಿಯೂ ನಕ್ಕಿತು. ಆ ನಗು ನೆನೆದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ. ಅಂದಿನಿಂದ ಅವಳ ಬೋಗುಣಿಯ ಎಲುಬು ಹಾಗೇ ಬಿದ್ದಿರುತ್ತಿತ್ತು, ನೊಣ ಮುತ್ತುತ್ತಿತ್ತು. ಆದರೂ ಅವಳು ದಿನವೂ ಕರೆಯುವುದನ್ನು ಬಿಡಲಿಲ್ಲ.

ಹೋದ ತಿಂಗಳು ಗಂಗಕ್ಕ ತೀರಿಕೊಂಡಳು. ಹನ್ನೊಂದನೆಯ ದಿನ ಮಗಳು ಮಂಜುಳಾ ಅದೇ ಹಿತ್ತಲಲ್ಲಿ ಬಾಳೆಯೆಲೆ ಹಾಸಿ, ತಾಯಿಗೆ ಇಷ್ಟವಾದ ಮುದ್ದೆ, ಮಟನ್ ಸಾರು ಎಡೆಯಿಟ್ಟಳು. ಕಾಗೆ ಮುಟ್ಟುವವರೆಗೆ ಯಾರೂ ಉಣ್ಣುವಂತಿಲ್ಲ. ಎಲ್ಲರೂ ಮುಗಿಲು ನೋಡುತ್ತ ನಿಂತೆವು. ಒಂದು ಕಾಗೆಯೂ ಬರಲಿಲ್ಲ.

“ಏನೋ ಆಸೆ ಉಳಿದೈತೆ, ಮಾತು ಕೊಡ್ರಿ,” ಎಂದರು ಹಿರಿಯರು. ಖಾನಾವಳಿ ಮುಚ್ಚುವುದಿಲ್ಲ ಎಂದು ಅಳಿಯ ಮಾತು ಕೊಟ್ಟ. ಮೊಮ್ಮಗಳನ್ನು ಓದಿಸುತ್ತೇನೆ ಎಂದು ಮಂಜುಳಾ ಮಾತು ಕೊಟ್ಟಳು. ಮುಗಿಲು ಖಾಲಿಯೇ ಇತ್ತು.

“ಇನ್ನೇನು ಆಸೆ ಇತ್ತೋ, ನೆನಪು ಮಾಡ್ಕಳ್ರಿ,” ಎಂದವನು ವಿರೂಪಣ್ಣ! ಕೈ ಮುಗಿದುಕೊಂಡು ಮುಂದೆಯೇ ನಿಂತಿದ್ದ.

ನನಗೆ ತಡೆಯಲಾಗಲಿಲ್ಲ. “ಆಸೆ ಅಲ್ಲ ವಿರೂಪಣ್ಣ, ಕಾಗೆನೇ ಇಲ್ಲ. ಎಲ್ಲಿಂದ ಬರ್ತಾವೆ? ನೀನೇ ಕೊಂದೆಯಲ್ಲ!”

ಅಷ್ಟರಲ್ಲಿ ಗೋಡೆಯ ಸಂದಿಯಿಂದ ಬಡಕಲು ನಾಯಿಯೊಂದು ನುಸುಳಿ ಬಂದು ಎಡೆಯ ಮುಂದೆ ಅಂಜುತ್ತ ನಿಂತಿತು. ವಿರೂಪಣ್ಣನ ಕೈ ತಾನಾಗಿ ಗೋಡೆಗೆ ಒರಗಿಸಿದ್ದ ಕೋಲಿಗೆ ಹೋಯಿತು. ಮಂಜುಳಾ ಆ ಕೋಲನ್ನು ಕಿತ್ತು ಗೋಡೆಯಾಚೆ ಎಸೆದಳು. ಆಮೇಲೆ ಎಲೆಯ ಪಕ್ಕ ಕೂತು, ಅಳುತ್ತಲೇ ಕರೆದಳು:

“ಬರ್ರಿ ನೆಂಟ್ರೇ, ಬರ್ರಿ, ಉಣ್ರಿ.”