ಡಾಂಬರಿಗೆ ಬಿದ್ದ ಹುರುಳಿ

ನಾನು ಬಿಜಾಪುರದ ಕಡೆಯವಳು. ಗಂಡನಿಗೆ ನಂಜನಗೂಡಿನ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತೆಂದು ತೊಂಬತ್ತರ ದಶಕದಲ್ಲಿ ಇಲ್ಲಿಗೆ ಬಂದೆ. ಟೀಚರಾಗಿದ್ದ ನನಗೆ ತಿ. ನರಸೀಪುರದ ರಸ್ತೆಯಲ್ಲಿರುವ ಒಂದು ಹಳ್ಳಿಯ ಹೈಸ್ಕೂಲಿಗೆ ವರ್ಗವಾಯಿತು. ಎಷ್ಟು ವರ್ಷ ಕಳೆದರೂ ನಾನು ಬಾಯಿ ತೆರೆದರೆ ಸಾಕು, "ನೀವ್ ಈ ಕಡೆಯವ್ರಲ್ಲ ಅಲ್ವಾ?" ಎಂದು ಕೇಳುತ್ತಿದ್ದರು. ಹೊರಗಿನವಳಾಗಿಯೇ ಉಳಿದದ್ದರಿಂದಲೋ ಏನೋ, ಇಲ್ಲಿಯವರಿಗೆ ರೂಢಿಯಾಗಿ ಹೋದದ್ದೆಲ್ಲ ನನ್ನ ಕಣ್ಣಿಗೆ ಬೀಳುತ್ತಿತ್ತು. ಬಿದ್ದದ್ದಕ್ಕೆಲ್ಲ ಸಿಟ್ಟೂ ಬರುತ್ತಿತ್ತು.

ಗಂಡನ ಕಾರ್ಖಾನೆಯ ಕಾಂಪೌಂಡಿನೊಳಗೆ ಕರೆಂಟು ಹೋದದ್ದೇ ಗೊತ್ತಾಗುತ್ತಿರಲಿಲ್ಲ, ಜನರೇಟರ್ ಇತ್ತು. ಒಳಗಿನ ರಸ್ತೆ ನುಣ್ಣಗಿತ್ತು, ಅಂಚಿಗೆ ಸುಣ್ಣ ಬಳಿದ ಕಲ್ಲುಗಳು ಬೇರೆ. ಗೇಟು ದಾಟಿದರೆ ಹೊಂಡ. ದೇಶ ಮುಂದೆ ಓಡುತ್ತಿದೆ ಎಂದು ದಿನಾ ಪೇಪರಿನಲ್ಲಿ ಬರುತ್ತಿತ್ತು, ಆ ಪೇಪರನ್ನು ನಾನು ಕೆಟ್ಟು ನಿಂತ ಬಸ್ಸಿನಲ್ಲಿ ಕೂತು ಓದುತ್ತಿದ್ದೆ. ಸಂಜೆ ಮನೆ ಸೇರುವ ಹೊತ್ತಿಗೆ ಸೊಂಟ ಬಿದ್ದುಹೋಗಿರುತ್ತಿತ್ತು. ಇನ್ನು ಆ ಹೊತ್ತಿಗೆ ನಲ್ಲಿಯಲ್ಲಿ ನೀರು ಬಂದು ನಿಂತುಹೋಗಿರುತ್ತಿತ್ತು. ಯಾರನ್ನು ಬೈಯಬೇಕೆಂದು ತಿಳಿಯದೆ ಗಂಡನನ್ನು ಬೈಯುತ್ತಿದ್ದೆ.

ಚಳಿಗಾಲದಲ್ಲಿ ಮಾತ್ರ ಹೊಂಡಗಳು ಕಾಣುತ್ತಿರಲಿಲ್ಲ. ಅವುಗಳ ಮೇಲೆ ಹುರುಳಿ ಇರುತ್ತಿತ್ತು. ಕಿತ್ತ ಗಿಡಗಳನ್ನು ತಂದು ರಸ್ತೆಯ ಅಗಲಕ್ಕೂ ಹರಡಿಬಿಡುವುದು. ಬಸ್ಸು ಲಾರಿಗಳು ತುಳಿದು ತುಳಿದು ಕಾಳು ಬಿಡಿಸಿಕೊಡುವುದು. ಡ್ರೈವರುಗಳು ಬೈಯುತ್ತಲೇ ಹತ್ತಿಸುತ್ತಿದ್ದರು. ಸ್ಕೂಟರಿನವರು ಜಾರಿ ಬಿದ್ದು, ಎದ್ದು, ಮೈ ಕೊಡವಿಕೊಂಡು ಹೋಗುತ್ತಿದ್ದರು. ನಮ್ಮ ಕಡೆ ಕಣ ಎಂದರೆ ಚಪ್ಪಲಿ ಬಿಟ್ಟು ಕಾಲಿಡುವ ಜಾಗ. ಇಲ್ಲಿ ತಿನ್ನುವ ಕಾಳಿನ ಮೇಲೆ ಟೈರು ಹತ್ತಿಸುತ್ತಾರಲ್ಲ ಎಂದು ನನ್ನ ಮೈ ಉರಿಯುತ್ತಿತ್ತು.

ನಾನು ಇಳಿಯುವ ಸ್ಟಾಪಿನ ಎದುರಿಗೇ ಒಬ್ಬ ಹೆಂಗಸಿನ ಹೊಲ. ಗಂಡ ತೀರಿಕೊಂಡಿದ್ದ. ಒಂದು ಜೊತೆ ಎತ್ತು ಇಟ್ಟುಕೊಂಡು ತಾನೇ ಬೇಸಾಯ ಮಾಡುತ್ತಿದ್ದಳು, ಬೇರೆಯವರ ಹೊಲಕ್ಕೂ ಉಳುಮೆಗೆ ಕಳಿಸುತ್ತಿದ್ದಳು. ಊರಿನವರು ಒಬ್ಬೊಬ್ಬರಾಗಿ ಎತ್ತು ಮಾರಿ ಟಿಲ್ಲರಿಗೆ ಹೋಗಿದ್ದರು. ಈಕೆ ಹಟ ಹಿಡಿದು ಉಳಿಸಿಕೊಂಡಿದ್ದಳು. ಬೆಳೆದ ಹುರುಳಿಯನ್ನೆಲ್ಲ ಬೇಯಿಸಿ ಎತ್ತುಗಳಿಗೇ ಹಾಕುತ್ತಿದ್ದಳು. ಮನೆಯಲ್ಲಿ ಸಾರಿಗಾದರೂ ಇಟ್ಟುಕೊಳ್ಳಬಾರದೇ ಎಂದು ನಾನೊಮ್ಮೆ ಕೇಳಿದ್ದಕ್ಕೆ, "ಉಳ್ಳಿ ಇಲ್ದಿದ್ರೆ ನನ್ ಎತ್ಗುಳು ಬ್ಯಾಸ್ಗೆ ದಾಟಕಿಲ್ಲ ಕಣವ್ವ. ಅವು ಇದ್ರೆ ನಾನು," ಎಂದಿದ್ದಳು.

ಎರಡು ಸಾವಿರದ ಇಸವಿ ದಾಟಿದ ಮೇಲೆ ಕೊನೆಗೂ ರಸ್ತೆಯ ಕೆಲಸ ಶುರುವಾಯಿತು. ವರ್ಷವೆಲ್ಲ ಅಗೆದರು. ಧೂಳು ಕುಡಿದು ಕುಡಿದು ನನಗೆ ಕೆಮ್ಮು ಹತ್ತಿತು. ಸಂಕ್ರಾಂತಿಯ ಸುಮಾರಿಗೆ ನಮ್ಮ ಸ್ಟಾಪಿನವರೆಗೆ ಡಾಂಬರು ಬಂತು. ಕಪ್ಪಗೆ, ಅಗಲವಾಗಿ, ಒಂದು ಹೊಂಡವೂ ಇಲ್ಲದ ರಸ್ತೆ. ಮೊದಲ ದಿನ ಬಸ್ಸು ಅದರ ಮೇಲೆ ಓಡಿದಾಗ, ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೆ ಕಣ್ಣಲ್ಲಿ ನೀರು ಬಂದಿತ್ತು.

ಒಂದೆರಡು ದಿನ ಕಳೆದು ಬಸ್ಸಿಳಿದರೆ ಜನ ಗುಂಪುಗೂಡಿದ್ದರು. ಆ ಹೆಂಗಸು ಹಿಂದಿನ ದಿನ ಹೊಸ ರಸ್ತೆಯ ಮೇಲೆ ತನ್ನ ಹುರುಳಿ ಹರಡಿದ್ದಳು. ಡಾಂಬರು ಇನ್ನೂ ಗಟ್ಟಿಯಾಗಿರಲಿಲ್ಲ. ಮಧ್ಯಾಹ್ನದ ಬಿಸಿಲಿಗೆ ಮೆತ್ತಗಾಗಿ, ಲಾರಿಗಳ ಭಾರಕ್ಕೆ ಕಾಳು, ಸಿಪ್ಪೆ, ಕಡ್ಡಿ ಎಲ್ಲ ಅದರೊಳಗೆ ಹೂತುಹೋಗಿದ್ದವು. ಕಡ್ಡಿ ಎಳೆದರೆ ರಸ್ತೆಯೇ ಕಿತ್ತು ಬರುತ್ತಿತ್ತು. ಕಂಟ್ರಾಕ್ಟರನ ಕಡೆಯವನೊಬ್ಬ ಬಾಯಿಗೆ ಬಂದಂತೆ ಬೈಯುತ್ತಿದ್ದ. ನಾನೂ ಸುಮ್ಮನಿರಲಿಲ್ಲ.

"ನಾಕು ದಿನ ತಡೀಲಿಕ್ಕೆ ಆಗಲಿಲ್ಲೇನವ್ವಾ? ರಸ್ತೆ ಅಂದ್ರ ನಿಮ್ಮ ಕಣ ಅಂತ ತಿಳ್ಕೊಂಡೀರೇನು?"

ಆಕೆ ತಲೆಯೆತ್ತಿ ನನ್ನನ್ನು ನೋಡಿದಳು. ಕೋಪವೇನೂ ಇರಲಿಲ್ಲ.

"ಊಂ ಕಣ್ ಮೇಡಮ್ಮೋರೆ, ನನ್ ಕಣವೇ. ಆ ಉಣ್ಸೆಮರದಿಂದ ಈ ಮೋರಿಗಂಟ ನಮ್ ಕಣ ಇದ್ದುದ್ದು. ರೋಡ್ ಅಗ್ಲ ಮಾಡಕೆ ಅಂತ ತಕ್ಕಂಡ್ರು. ಬ್ಯಾರೆಯವ್ರ ಜಾಗ್ದಲ್ಲಿ ನಾನ್ ಅರಡ್ನಿಲ್ಲ."

ಆಕೆ ತೋರಿಸಿದ ಕಡೆ ನೋಡಿದೆ. ಎತ್ತು ಕಟ್ಟಿ ಕಣದಲ್ಲಿ ಉರುಳಿಸುವ ರೋಣಗಲ್ಲು ಮೋರಿಯ ಪಕ್ಕದ ಹಳ್ಳದಲ್ಲಿ ಮಗುಚಿ ಬಿದ್ದಿತ್ತು. ಎಷ್ಟೋ ಸಲ ಕಂಡಿದ್ದೆ, ಯಾರದೆಂದು ಕೇಳಿರಲಿಲ್ಲ. ಸ್ಕೂಲಿನ ಗಂಟೆ ಹೊಡೆಯಿತು, ಹೋದೆ. ಅವತ್ತು ಪಾಠ ಮಾಡಲು ಮನಸ್ಸೇ ಬರಲಿಲ್ಲ.

ಹಾಳಾದ ಜಾಗವನ್ನು ಕೆರೆದು ತೆಗೆದು ಹೊಸದಾಗಿ ಡಾಂಬರು ಹಾಕಿದರು. ಕೆರೆದ ಹೆಂಟೆಗಳನ್ನು ಆಕೆ ಕೇಳಿಕೊಂಡು ಮನೆಗೆ ಹೊತ್ತಳು. ಬಿಸಿಲಿಗೆ ಇಟ್ಟಳಂತೆ, ಬಿಸಿನೀರಿಗೆ ಹಾಕಿದಳಂತೆ, ಒಂದೊಂದೇ ಕಾಳು ಬಿಡಿಸಿ ಸೀಗೇಪುಡಿಯಲ್ಲಿ ಉಜ್ಜಿದಳಂತೆ. ಒಂದು ಮೊರದಷ್ಟು ಸಿಕ್ಕಿತು. ಬೇಯಿಸಿ ಎತ್ತುಗಳ ಮುಂದಿಟ್ಟಳು. ಏನಾಯಿತೆಂದು ಕೇಳಿದೆ.

"ಮೂಸ್ಬುಟ್ಟು ಮೊಕ ತಿರಿಕ್ಕಂಡೊ."

ಆ ಬೇಸಿಗೆ ರಜೆಯಲ್ಲಿ ನನ್ನ ತಲೆಯಲ್ಲಿ ಅದೇ ಕೊರೆಯುತ್ತಿತ್ತು. ನಮ್ಮ ಹೆಡ್‌ಮಾಸ್ಟರ ಮನೆಗೇ ಹೋಗಿ, ಸ್ಕೂಲಿನ ಹಿಂದೆ ಪಾಳು ಬಿದ್ದಿರುವ ಜಾಗದಲ್ಲಿ ಆಕೆಗೆ ಕಣ ಮಾಡಿಕೊಳ್ಳಲು ಬಿಡಿ ಎಂದು ಹಟ ಹಿಡಿದೆ. ಊರಿನವರನ್ನೂ ಒಂದು ಮಾತು ಕೇಳಿ ಒಪ್ಪಿಕೊಂಡರು. ಇಷ್ಟು ವರ್ಷ ಬರೀ ಗೊಣಗಿದವಳು ಒಂದು ಕೆಲಸ ಮಾಡಿದೆನಲ್ಲ ಎಂದು ಸಮಾಧಾನವಾಯಿತು.

ಜೂನಿನಲ್ಲಿ ಸ್ಕೂಲು ಶುರುವಾದ ದಿನ ಆಕೆ ಸ್ಟಾಪಿನಲ್ಲೇ ನಿಂತಿದ್ದಳು, ಕೈಯಲ್ಲಿ ಬುತ್ತಿ. ಬಸ್ಸಿಳಿದವಳೇ ಕಣದ ವಿಷಯ ಹೇಳಿದೆ. ಆಕೆ ಪೂರ್ತಿ ಕೇಳಿಸಿಕೊಂಡಳು. ನನಗೆ ಬೇಜಾರಾಗಬಾರದೆಂದೋ ಏನೋ, ಸ್ವಲ್ಪ ನಕ್ಕಳು.

"ಒಳ್ಳೇದ್ ಮಾಡುದ್ರಿ. ಆದ್ರೆ ಎತ್ತೇ ಇಲ್ವಲ್ಲ ಕಣವ್ವ. ಉಗಾದಿ ಕಳುದ್ಮೇಲೆ ಮಾರ್ಬುಟ್ಟೆ. ಒಲಾನೂ ಗುತ್ಗೆಗೆ ಕೊಟ್ಟೆ. ಕಣ ತಕ್ಕಂಡ್ ಏನ್ ಮಾಡ್ಲಿ?"

ನರಸೀಪುರದಲ್ಲಿ ಗಾರೆ ಕೆಲಸಕ್ಕೆ ಹೋಗುತ್ತಿದ್ದಳಂತೆ. ನಾನು ಇನ್ನೇನಾದರೂ ಹೇಳಬೇಕೆನ್ನುವಷ್ಟರಲ್ಲಿ ಅವಳ ಬಸ್ಸು ಬಂತು. ರಸ್ತೆ ಆದಮೇಲೆ ಬಸ್ಸುಗಳು ಸರಿಯಾದ ಹೊತ್ತಿಗೆ ಬರುತ್ತಿದ್ದವು.