ಒಂದೇ ಕಂಪೌಂಡು, ಎರಡು ಮೀಟರು

ಕತಾರಿಗೆ ಹೋಗುವ ಮೊದಲು ನಾಲ್ಕು ವರ್ಷ ನಾನು ಮಂಗಳೂರಿನ ಬಸ್ ನಿಲ್ದಾಣದಲ್ಲಿ ಟೈಮ್ ಕೀಪರ್ ಆಗಿದ್ದೆ. ಯಾವ ಬಸ್ಸು ಎಷ್ಟು ಗಂಟೆಗೆ ಬಂತು, ಎಷ್ಟಕ್ಕೆ ಬಿಟ್ಟಿತು ಎಂದು ಬರೆಯುವುದು, ಎರಡು ನಿಮಿಷ ಹೆಚ್ಚು ನಿಂತ ಡ್ರೈವರಿಗೆ ಸೀಟಿ ಊದುವುದು. ದಿನವಿಡೀ ಊರಿನವರನ್ನೆಲ್ಲ ಹೊರಡಿಸುತ್ತಿದ್ದವನು ಸಂಜೆ ಸ್ಟೂಲಿನಿಂದ ಎದ್ದು ಮನೆಗೆ ನಡೆದುಹೋಗುತ್ತಿದ್ದೆ. ದೋಹಾದಲ್ಲಿ ಕೆಲಸ ಸಿಕ್ಕಾಗ, ಇನ್ನು ನಾನೂ ಹೊರಡುವವರ ಪೈಕಿ ಎಂದುಕೊಂಡೆ. ತೊಂಬತ್ತರ ದಶಕದ ನಡುವಿನ ಮಾತು ಇದು. ಅಲ್ಲಿ ಸಿಕ್ಕಿದ್ದು, ಕಂಪನಿಗಳಿಗೆ ವರ್ಷದ ಕರಾರಿನ ಮೇಲೆ ಕಾರು ಕೊಡುವ ಒಂದು ಸಂಸ್ಥೆಯ ವರ್ಕ್‌ಶಾಪಿನಲ್ಲಿ ಗುಮಾಸ್ತೆ ಕೆಲಸ. ಸರ್ವಿಸಿಗೆ ಬಂದ ಗಾಡಿಯ ಮೀಟರು ನೋಡಿ ಎಷ್ಟು ಕಿಲೋಮೀಟರ್ ಓಡಿದೆ ಎಂದು ಬರೆಯಬೇಕು. ಬಸ್ಸು ಹೋಗಿ ಕಾರು ಬಂತು, ಅಷ್ಟೆ. ನಾನು ಕೂತಲ್ಲೇ ಕೂತಿದ್ದೆ.

ದೋಹಾದ ನಜ್ಮಾ ಬಡಾವಣೆಯಲ್ಲಿ ನಾಲ್ಕು ಮಂಚದ ಒಂದು ಕೋಣೆಯಲ್ಲಿ ನನ್ನ ವಾಸ. ಕೆಲಸ ಬಿಟ್ಟು ಬಂದ ಮೇಲೆ ಉಳಿದ ಮೂವರು ಕಾಲು ಚಾಚಿ ಟೀವಿ ನೋಡುತ್ತಿದ್ದರು. ನನಗೆ ಕೂತರೆ ಮೈ ಉರಿಯುತ್ತಿತ್ತು. ಎದ್ದು ಹೊರಗೆ ಹೋಗುತ್ತಿದ್ದೆ. ದರ್ಜಿ ಅಂಗಡಿಗಳ ಸಾಲು, ಕೆಫೆಟೇರಿಯಾ, ದೊಡ್ಡ ರಸ್ತೆ, ಮತ್ತೆ ದರ್ಜಿ ಅಂಗಡಿಗಳ ಸಾಲು. ಒಬ್ಬ ದರ್ಜಿ ಒಮ್ಮೆ ಕರೆದು, ಏನಾದರೂ ಕಳೆದುಕೊಂಡಿದ್ದೀರಾ ಎಂದು ಹಿಂದಿಯಲ್ಲಿ ಕೇಳಿದ್ದ. ಡ್ರೈವಿಂಗ್ ಟೆಸ್ಟಿಗೆ ಮೂರು ಸಲ ಹೋಗಿ ಮೂರು ಸಲವೂ ಫೇಲಾಗಿದ್ದೆ. ಪ್ರತಿ ಸಲವೂ ರೌಂಡಬೌಟಿನಲ್ಲೇ, ಸಿಗ್ನಲ್ ಇಲ್ಲದ ಸರ್ಕಲಿನಲ್ಲಿ. ಯಾವಾಗ ಒಳಗೆ ನುಗ್ಗಬೇಕೆಂದು ತಿಳಿಯದೆ ನಾನು ನಿಂತೇ ಇರುತ್ತಿದ್ದೆ. ಪಕ್ಕದಲ್ಲಿ ಕೂತ ಪೊಲೀಸ್ ಅಧಿಕಾರಿ ಸ್ವಲ್ಪ ಹೊತ್ತು ಕಾದು 'ಖಲಾಸ್' ಎನ್ನುತ್ತಿದ್ದ.

ನಮ್ಮಿಂದ ಕಾರು ಪಡೆದಿದ್ದ ಒಂದು ಎಂಜಿನಿಯರಿಂಗ್ ಕಂಪನಿಯಲ್ಲಿ ಒಬ್ಬ ಬ್ರಿಟಿಷನೂ ಒಬ್ಬ ಅಮೆರಿಕನ್ನನೂ ಇದ್ದರು. ಇಬ್ಬರಿಗೂ ಐವತ್ತರ ಆಸುಪಾಸು. ಇಬ್ಬರದೂ ಒಂದೇ ಹುದ್ದೆ, ಒಂದೇ ಮಾದರಿಯ ಬಿಳಿ ಕಾರು. ಅಬು ಹಮೂರಿನ ಒಂದೇ ಕಂಪೌಂಡಿನಲ್ಲಿ ಎದುರುಬದುರು ವಿಲ್ಲಾಗಳು. ಕಚೇರಿ ವೆಸ್ಟ್ ಬೇಯಲ್ಲಿ. ಆಗಿನ್ನೂ ಅಲ್ಲಿ ಬೆರಳೆಣಿಕೆಯ ಕಟ್ಟಡಗಳು, ಉಳಿದದ್ದೆಲ್ಲ ಮಣ್ಣು. ಒಟ್ಟಿನಲ್ಲಿ ಇಬ್ಬರೂ ದಿನಕ್ಕೆ ಅಷ್ಟೇ ದೂರ ಹೋಗಿ ಅಷ್ಟೇ ದೂರ ಬರಬೇಕಾದವರು. ಆದರೂ ವರ್ಷದ ಅರ್ಧ ಕಳೆಯುವಷ್ಟರಲ್ಲಿ ಅಮೆರಿಕನ್ನನ ಗಾಡಿ ಕರಾರಿನಲ್ಲಿದ್ದ ಇಡೀ ವರ್ಷದ ಮಿತಿಯನ್ನು ದಾಟಿತ್ತು. ಬ್ರಿಟಿಷನದು ಕಾಲು ಭಾಗವನ್ನೂ ಮುಟ್ಟಿರಲಿಲ್ಲ.

ನಮ್ಮ ಮೆಕ್ಯಾನಿಕ್ ಉಳ್ಳಾಲದ ಕಡೆಯ ಬ್ಯಾರಿ. ಇಪ್ಪತ್ತು ವರ್ಷ ದೋಹಾದಲ್ಲೇ ಕಳೆದವರು. ಅವರಿಗೆ ತಲೆನೋವಾಗಿದ್ದದ್ದು ಬ್ರಿಟಿಷನ ಗಾಡಿ.

"ಓಡುವ ಗಾಡಿಗೆ ಎಂತ ಆಗುದಿಲ್ಲ ಮಾರಾಯ್ರೆ. ಇದು ನೋಡಿ, ನಿಂತು ನಿಂತು ಬ್ಯಾಟರಿ ಸತ್ತು ಹೋಗಿದೆ, ಟಯರು ಒಂದೇ ಕಡೆ ಚಪ್ಪಟೆ. ಇವನಿಗೆ ಗಾಡಿ ಕೊಟ್ಟದ್ದೇ ದಂಡ."

ನಮ್ಮ ಮ್ಯಾನೇಜರ್ ಸುಡಾನಿನವರು, ಮೆಲುದನಿಯ ಮನುಷ್ಯ. ಅವರ ಚಿಂತೆ ಇನ್ನೊಂದು ಗಾಡಿಯದು. ಆ ಕಂಪನಿ ವಿವರಣೆ ಕೇಳಿತ್ತು. ಅಮೆರಿಕನ್ನ ಕಾರನ್ನು ಬೇರೆ ಯಾರಿಗಾದರೂ ಕೊಡುತ್ತಿದ್ದಾನೋ, ಮೀಟರೇ ಕೆಟ್ಟಿದೆಯೋ ಎಂದು ಗುಮಾನಿ. "ಒಂದು ಸಲ ಅವನ ಜೊತೆ ಹೋಗಿ ನೋಡಿ ಬರೆದು ಕೊಡು" ಎಂದರು. ಮೀಟರು ಪರೀಕ್ಷೆಗೆಂದು ಹೇಳಿ ಒಂದು ಗುರುವಾರ ಮಧ್ಯಾಹ್ನ ನಾನು ಅವನ ಪಕ್ಕದ ಸೀಟಿನಲ್ಲಿ ಕೂತೆ.

ಸಲ್ವಾ ರಸ್ತೆ ಹಿಡಿದ. ಊರು ಮುಗಿಯಿತು. ಎರಡೂ ಕಡೆ ಬಿಳಿಚಿದ ಬಯಲು, ಅಲ್ಲೊಂದು ಇಲ್ಲೊಂದು ಒಂಟೆ. ಅವನು ರೇಡಿಯೋ ಹಾಕಲಿಲ್ಲ. ಒಂದು ಕೈ ಸ್ಟೀರಿಂಗಿನ ಮೇಲೆ, ಇನ್ನೊಂದರ ಬೆರಳು ತೊಡೆಯ ಮೇಲೆ ಕುಟ್ಟುತ್ತಲೇ ಇತ್ತು.

"ಎಲ್ಲಿಗೆ ಹೋಗ್ತಾ ಇದ್ದೇವೆ?" ಎಂದು ಕೇಳಿದೆ.

"ರಸ್ತೆ ಮುಗಿಯುವವರೆಗೆ."

"ಆಮೇಲೆ?"

"ವಾಪಸ್."

ಒಂದು ಗಂಟೆಯೂ ಆಗಲಿಲ್ಲ, ಸೌದಿಯ ಗಡಿಯ ಫಲಕ ಬಂತು. ಅವನು ಗಾಡಿ ತಿರುಗಿಸಿದ. ಇಳಿಯಲೂ ಇಲ್ಲ. ಮರಳುವಾಗ ತಾನಾಗಿಯೇ ಮಾತಾಡಿದ. ಅವನು ಬೆಳೆದ ಕಡೆ ಶಾಲೆಗೆ ಹೋಗಲು ನಲವತ್ತು ಮೈಲಿಯಂತೆ. ಹಲ್ಲು ಕೀಳಿಸಲು ನೂರು ಮೈಲಿ. ಹದಿನಾಲ್ಕನೆಯ ವಯಸ್ಸಿಗೆ ಅಪ್ಪನ ಟ್ರಕ್ಕು ಓಡಿಸಿದವನು. "ಅಲ್ಲಿ ನಾನು ಎಲ್ಲಿಯಾದರೂ ನಿಂತರೆ ಅದು ನನಗೆ ನಿಲ್ಲಬೇಕು ಅನ್ನಿಸಿದ್ದಕ್ಕೆ. ಇಲ್ಲಿ ಉತ್ತರಕ್ಕೆ ಹೋದರೆ ಸಮುದ್ರ, ಪಶ್ಚಿಮಕ್ಕೆ ಹೋದರೆ ಸಮುದ್ರ, ದಕ್ಷಿಣಕ್ಕೆ ಬಂದರೆ ಗೇಟು. ವಾರಕ್ಕೆ ಮೂರು ಸಲ ಎಲ್ಲ ಮುಟ್ಟಿ ಬರುತ್ತೇನೆ. ಮನೆಯಲ್ಲಿ ಕೂತರೆ ಗೋಡೆಗಳ ಜೊತೆ ಜಗಳ ಶುರುವಾಗುತ್ತದೆ."

ದೋಹಾ ಹತ್ತಿರವಾದಾಗ ನೇರ ದಾರಿ ಬಿಟ್ಟು ಸುತ್ತುಬಳಸಿ ಹೋದ. ಏಕೆಂದು ಕೇಳಿದರೆ, ರೌಂಡಬೌಟು ತಪ್ಪಿಸಲು ಎಂದ. ಅವನ ಊರಿನಲ್ಲಿ ಅಂಥದ್ದು ಇರಲೇ ಇಲ್ಲವಂತೆ. ಅಷ್ಟು ಓಡಿಸುವ ಮನುಷ್ಯನೂ ನನ್ನ ಹಾಗೆಯೇ ಅಲ್ಲಿ ಹೆದರುತ್ತಾನೆಂದು ತಿಳಿದು ನನಗೆ ಒಳಗೊಳಗೇ ಸಮಾಧಾನವಾಯಿತು.

ಶುಕ್ರವಾರದ ರಜೆ ಕಳೆದು ಶನಿವಾರ ವರದಿ ಬರೆದೆ. ಮೀಟರು ಸರಿಯಾಗಿದೆ. ಗಾಡಿಯನ್ನು ಬೇರೆ ಯಾರೂ ಓಡಿಸುತ್ತಿಲ್ಲ. ಉದ್ದೇಶ: ಹೋಗಿ ಬರುವುದು. ಜೊತೆಗೆ, ಯಾರೂ ಕೇಳದಿದ್ದರೂ, ಎದುರು ವಿಲ್ಲಾದ ಬ್ರಿಟಿಷನ ಗಾಡಿ ಎಷ್ಟು ಓಡಿದೆ ಎಂಬುದನ್ನೂ ಪಕ್ಕದಲ್ಲಿ ಬರೆದೆ. ಇಬ್ಬರ ವರ್ಷವೂ ಒಂದೇ ಪುಟದಲ್ಲಿ ಚಂದ ಕಾಣುತ್ತದೆ ಎಂದುಕೊಂಡಿದ್ದೆ. ಅದೇ ಅಮೆರಿಕನ್ನನಿಗೆ ಮುಳುವಾಯಿತು. ಒಬ್ಬನಿಗೆ ಇಷ್ಟು ಸಾಕಾದರೆ ಇನ್ನೊಬ್ಬನಿಗೆ ಏಕೆ ಸಾಲದು ಎಂದು ಅವರ ಕಂಪನಿ ಕೇಳಿತು. ಗುರುವಾರ ಮಧ್ಯಾಹ್ನ ಕೆಲಸ ಮುಗಿದ ಮೇಲೆ ಕಾರಿನ ಕೀಲಿಯನ್ನು ಕಂಪೌಂಡಿನ ಕಾವಲುಗಾರನಿಗೆ ಒಪ್ಪಿಸಬೇಕು, ಶನಿವಾರ ಬೆಳಿಗ್ಗೆ ಪಡೆಯಬೇಕು ಎಂದು ಆದೇಶ ಬಂತು.

ಮೂರು ವಾರದ ನಂತರ ಬ್ರಿಟಿಷನ ಬ್ಯಾಟರಿ ಮತ್ತೆ ಸತ್ತಿತು. ಶುಕ್ರವಾರದ ರಜೆಯಾದ್ದರಿಂದ ಮೆಕ್ಯಾನಿಕ್ ಜೊತೆಗೆ ನಾನೂ ಅಬು ಹಮೂರಿಗೆ ಹೋದೆ. ಸಂಜೆ ನಾಲ್ಕು ಗಂಟೆ, ಬಿಸಿಲು ಇನ್ನೂ ಇಳಿದಿರಲಿಲ್ಲ. ಕಂಪೌಂಡಿನ ಒಳಗೋಡೆಯ ಉದ್ದಕ್ಕೂ ಅಮೆರಿಕನ್ನ ನಡೆಯುತ್ತಿದ್ದ. ಅಂಗಿ ಬೆನ್ನಿಗೆ ಅಂಟಿತ್ತು. ನಮ್ಮನ್ನು ಕಂಡು ಕೈ ಎತ್ತಿದ, ನಿಲ್ಲಲಿಲ್ಲ. "ಹನ್ನೊಂದನೇ ಸುತ್ತು" ಎಂದು ಹೇಳಿ ಮುಂದೆ ಹೋದ. ನನ್ನ ಮೇಲೆ ಅವನಿಗೆ ಸಿಟ್ಟಿದ್ದ ಹಾಗೆ ಕಾಣಲಿಲ್ಲ. ಸಿಟ್ಟಿದ್ದರೆ ನನಗೆ ಹಗುರಾಗುತ್ತಿತ್ತು.

ಬ್ರಿಟಿಷ ತನ್ನ ಜಗಲಿಯಲ್ಲಿ ಪತ್ರಿಕೆ ಹಿಡಿದು ಕೂತಿದ್ದ. ತೆಳ್ಳಗಿನ, ಅಚ್ಚುಕಟ್ಟಾದ ಮನುಷ್ಯ, ಮನೆಯಲ್ಲೂ ಇಸ್ತ್ರಿ ಹಾಕಿದ ಅಂಗಿ. "ನಾಲ್ಕು ನಿಮಿಷಕ್ಕೊಮ್ಮೆ ನನ್ನ ಎದುರು ಹಾಯುತ್ತಾನೆ" ಎಂದ. "ಒಂದೇ ಸಾಲನ್ನು ಮುಕ್ಕಾಲು ಗಂಟೆಯಿಂದ ಓದುತ್ತಿದ್ದೇನೆ. ಅವನ ಗಾಡಿ ಏಕೆ ನಿಲ್ಲಿಸಿದರು?"

ನಾನೇ ಬರೆದದ್ದು ಎಂದು ಹೇಳಿದೆ. ಅದೇ ಪುಟದಲ್ಲಿ ಈ ಬ್ರಿಟಿಷನ ಗಾಡಿಯ ಲೆಕ್ಕವೂ ಇತ್ತೆಂದು ಹೇಳಿದೆ. ಅವನು ಪತ್ರಿಕೆ ಮಡಚಿದ.

"ಅಂದರೆ ನನ್ನನ್ನು ತೋರಿಸಿ ಅವನನ್ನು ಕಟ್ಟಿಹಾಕಿದರು."

"ಹೌದು."

"ನನ್ನ ಕಿಲೋಮೀಟರ್ ಎಷ್ಟು ಉಳಿದಿದೆ?"

ಹೇಳಿದೆ. ಅವನು ಗೋಡೆಯ ತಿರುವಿನಲ್ಲಿ ಮರೆಯಾಗುತ್ತಿದ್ದ ಬೆನ್ನನ್ನೇ ನೋಡಿದ. "ಅದನ್ನು ಅವನಿಗೆ ಕೊಡಬಹುದೇ?"

ಮರುದಿನ ಮ್ಯಾನೇಜರ ಮುಂದೆ ನಿಂತೆ. ಅಲ್ಲಿಯವರೆಗೆ ನಾನು ಅವರ ಹತ್ತಿರ ವಾದ ಮಾಡಿದವನಲ್ಲ. ಕರಾರಿನಲ್ಲಿ ಒಂದೊಂದು ಗಾಡಿಗೆ ಇಷ್ಟು ಎಂದಿರುವ ಕಡೆ ಎರಡು ಗಾಡಿಗೆ ಸೇರಿ ಇಷ್ಟು ಎಂದು ಬರೆದರೆ ಯಾರಿಗೆ ನಷ್ಟ ಎಂದು ಕೇಳಿದೆ. ಅವರು ಆಗುವುದಿಲ್ಲ ಎಂದರು. ನಾನು ಹೋಗದೆ ಅಲ್ಲೇ ನಿಂತೆ. ಕಾಲು ಬದಲಿಸುತ್ತ ನಿಂತಿದ್ದ ನನ್ನನ್ನು ನೋಡಿ ಬೇಸತ್ತಿರಬೇಕು. "ಯಲ್ಲಾ, ಆಯಿತು, ಬರೆದು ತಾ" ಎಂದರು. ಎಂಜಿನಿಯರಿಂಗ್ ಕಂಪನಿಯೂ ಹತ್ತು ದಿನ ಬಿಟ್ಟು ಒಪ್ಪಿತು. ಒಂದೇ ಷರತ್ತು: ರಜೆಯ ದಿನದ ಪ್ರತಿ ಓಡಾಟದ ಚೀಟಿಗೂ ಇಬ್ಬರ ಸಹಿ ಬೇಕು.

ಅಲ್ಲಿ ಒಂದು ತೊಡಕು ಹುಟ್ಟಿತು. ತಾನು ಕಣ್ಣಾರೆ ನೋಡದ ದೂರಕ್ಕೆ ಸಹಿ ಹಾಕುವುದಿಲ್ಲ ಎಂದ ಬ್ರಿಟಿಷ. ಹಾಗಾದರೆ ಬಂದು ನೋಡು ಎಂದ ಅಮೆರಿಕನ್ನ. ಮೊದಲ ಶುಕ್ರವಾರ ಇಬ್ಬರೂ ಹೊರಟರು. ಮೀಟರು ನೋಡಿ ಬರೆಯಲು ಹಿಂದಿನ ಸೀಟಿನಲ್ಲಿ ನಾನು.

ಬ್ರಿಟಿಷ ಹೊರಡಲು ಅರ್ಧ ಗಂಟೆ ತೆಗೆದುಕೊಂಡ. ನಕ್ಷೆ, ಚಹಾದ ಫ್ಲಾಸ್ಕು, ಔಷಧಿ ಪೆಟ್ಟಿಗೆ, ಕಂಬಳಿ, ಎರಡು ಕ್ಯಾನು ನೀರು. ಅಮೆರಿಕನ್ನ ಎಂಜಿನ್ ಚಾಲೂ ಇಟ್ಟುಕೊಂಡೇ ಕಾದ. ಅವನ ಮೊಣಕಾಲು ಕುಣಿಯುತ್ತಿತ್ತು.

"ಉತ್ತರದ ತುದಿಗೆ ಒಂದೂವರೆ ಗಂಟೆ ಅಷ್ಟೆ" ಎಂದ.

"ಒಂದೂವರೆ ಗಂಟೆ!" ಎಂದ ಬ್ರಿಟಿಷ. "ನನ್ನ ತಂಗಿಯ ಮನೆ ಎರಡು ಗಂಟೆ ದೂರ. ವರ್ಷಕ್ಕೆರಡು ಸಲ ಹೋಗುತ್ತೇವೆ. ಮೊದಲೇ ಪತ್ರ ಬರೆದು, ರಾತ್ರಿ ಅಲ್ಲೇ ಉಳಿದು ಬರುತ್ತೇವೆ."

"ಎರಡು ಗಂಟೆಗಾ? ನನ್ನ ತಂಗಿಯ ಮನೆ ಎರಡು ದಿನದ ದಾರಿ. ಹಬ್ಬಕ್ಕೆ ಹೋಗಿ ಊಟ ಮಾಡಿ ಬರ್ತೇನೆ."

"ಅವಳು ಏನೂ ಹೇಳುವುದಿಲ್ಲವೇ?"

"ಯಾಕೆ ಬೇಗ ಬಂದೆ ಅಂತಾಳೆ."

ಒಬ್ಬನದು ನಾಲ್ಕು ಹೆಜ್ಜೆಗೊಂದು ಊರಿರುವ ದೇಶ, ಇನ್ನೊಬ್ಬನದು ದಿನವಿಡೀ ಓಡಿದರೂ ಊರು ಸಿಗದ ದೇಶ. ಇಬ್ಬರೂ ಮೈಲಿ ಎಂಬ ಒಂದೇ ಪದ ಬಳಸುತ್ತಿದ್ದರು, ಒಬ್ಬನ ಮೈಲಿ ಇನ್ನೊಬ್ಬನಿಗೆ ತಿಳಿಯುತ್ತಿರಲಿಲ್ಲ. ಊರೊಳಗಿನ ರೌಂಡಬೌಟುಗಳಲ್ಲಿ ಮಾತ್ರ ಬ್ರಿಟಿಷನದೇ ಅಧಿಕಾರ. "ಈಗ ಬೇಡ. ಈಗ ಬೇಡ. ಈಗ ಹೋಗು" ಎಂದು ಮೆಲ್ಲಗೆ ಹೇಳುತ್ತಿದ್ದ, ಅಮೆರಿಕನ್ನ ಮಗುವಿನಂತೆ ಪಾಲಿಸುತ್ತಿದ್ದ. ಹಿಂದೆ ಕೂತ ನಾನೂ ಕಾಲಿನಿಂದ ಇಲ್ಲದ ಪೆಡಲು ಒತ್ತುತ್ತಿದ್ದೆ.

ಅಲ್ ಖೋರ್ ದಾಟಿದ ಮೇಲೆ ಅಮೆರಿಕನ್ನ ಕನ್ನಡಿಯಲ್ಲಿ ನನ್ನನ್ನು ನೋಡಿ ಕೇಳಿದ, "ನಿನ್ನ ಊರಿನಲ್ಲಿ ನೀನು ವರ್ಷಕ್ಕೆ ಎಷ್ಟು ಓಡಾಡುತ್ತಿದ್ದೆ?"

ನಾನು ನಿಜ ಹೇಳಿದೆ. ನಾಲ್ಕು ವರ್ಷ ಸಾವಿರಾರು ಬಸ್ಸುಗಳನ್ನು ಬರೆದು ಕಳಿಸಿದ್ದೇನೆ. ನಾನು ಹತ್ತಿದ ದೂರದ ಬಸ್ಸು ಒಂದೇ, ಮುಂಬೈಯದು. ಅದೂ ಇಲ್ಲಿಗೆ ಬರುವ ವಿಮಾನ ಹಿಡಿಯಲು. ಅಮೆರಿಕನ್ನ ಕನ್ನಡಿಯಿಂದ ಕಣ್ಣು ತೆಗೆದು ರಸ್ತೆ ನೋಡಿದ. ಹೇಳಬಾರದಿತ್ತೇನೋ ಎಂದು ನನಗೆ ಕಸಿವಿಸಿಯಾಯಿತು.

ಉತ್ತರದ ತುದಿಯ ರುವೈಸಿನಲ್ಲಿ ರಸ್ತೆ ಮುಗಿಯಿತು. ಮೀನುಗಾರರ ಮರದ ದೋಣಿಗಳು, ಒಣ ಹಾಕಿದ ಬಲೆ, ಬಲವಾದ ಗಾಳಿ. ಅಮೆರಿಕನ್ನ ಗಾಡಿ ತಿರುಗಿಸಲು ಹೊರಟ. ಬ್ರಿಟಿಷ ಕೈ ಚಾಚಿ ಕೀಲಿ ತಿರುಗಿಸಿ ಎಂಜಿನ್ ಆರಿಸಿದ.

"ಹದಿನೈದು ನಿಮಿಷ" ಎಂದ. "ಇಷ್ಟು ದೂರ ಬಂದು ಇಳಿಯದೆ ಹೋದರೆ ನಾನು ಸಹಿ ಹಾಕುವುದಿಲ್ಲ."

ಇಳಿದೆವು. ಬ್ರಿಟಿಷ ಒಂದು ಕಲ್ಲಿನ ಮೇಲೆ ಕರವಸ್ತ್ರ ಹಾಸಿ ಕೂತು ಮೂರು ಲೋಟಕ್ಕೆ ಚಹಾ ಬಗ್ಗಿಸಿದ. ಅಮೆರಿಕನ್ನ ಲೋಟ ಹಿಡಿದು ದೋಣಿ ಕಟ್ಟುವ ದಕ್ಕೆಯ ತುದಿಯವರೆಗೆ ನಡೆದ, ತಿರುಗಿದ, ಮತ್ತೆ ನಡೆದ. ನಾನು ಕೂರಲು ನೋಡಿದೆ. ಆಗಲಿಲ್ಲ. ಎದ್ದು ಅವನ ಹಿಂದೆ ನಡೆದೆ. ಎದುರಾದಾಗ ಅವನು ನನ್ನ ಕಾಲು ನೋಡಿ, "ನಿನಗೂ ಇದೆಯಾ?" ಎಂದ. ನಾನು ತಲೆಯಾಡಿಸಿದೆ. ಅದಕ್ಕೆ ಅವನ ಭಾಷೆಯಲ್ಲಿ ಏನು ಹೆಸರಿತ್ತೋ, ನಾನು ಕೇಳಲಿಲ್ಲ. ಹದಿನೈದು ನಿಮಿಷವೂ ನಾವಿಬ್ಬರು ದಕ್ಕೆಯ ಮೇಲೆ ಅತ್ತಿಂದಿತ್ತ ತಿರುಗಿದೆವು, ಬ್ರಿಟಿಷ ಕಲ್ಲಿನ ಮೇಲೆ ಕೂತು ಸಮುದ್ರ ನೋಡಿದ. ಯಾರೂ ಯಾರನ್ನೂ ತಿದ್ದಲಿಲ್ಲ.

ಆಮೇಲೆ ವರ್ಷ ಮುಗಿಯುವವರೆಗೆ ಅವರು ಹೋಗುತ್ತಿದ್ದರು. ಕೆಲವು ಸಲ ನಾನೂ ಇದ್ದೆ. ಬ್ರಿಟಿಷನ ಸ್ವಂತ ಗಾಡಿ ಮೊದಲಿನಂತೆಯೇ ನಿಂತಿತ್ತು, ಮೆಕ್ಯಾನಿಕ್ ಮೊದಲಿನಂತೆಯೇ ಬೈಯುತ್ತಿದ್ದರು. ಅಮೆರಿಕನ್ನನ ಕೆಲಸ ಮುಗಿದು ಅವನು ಬೇರೆ ದೇಶಕ್ಕೆ ಹೋದ. ಹೋಗುವ ದಿನ ವರ್ಕ್‌ಶಾಪಿಗೆ ಬಂದು ಗಾಡಿ ಒಪ್ಪಿಸಿ, ಕೈ ಕುಲುಕಿ, ಹೊರಗೆ ಟ್ಯಾಕ್ಸಿ ಕಾಯುವಾಗ ಆಗಲೇ ರಸ್ತೆಯ ಅಂಚಿನಲ್ಲಿ ನಡೆಯತೊಡಗಿದ್ದ.

ಐದನೆಯ ಸಲಕ್ಕೆ ನನಗೆ ಲೈಸೆನ್ಸು ಸಿಕ್ಕಿತು. ಮ್ಯಾನೇಜರನ್ನು ಕಾಡಿಬೇಡಿ ಮೇಜಿನ ಕೆಲಸ ಬಿಟ್ಟು, ಗಾಡಿಗಳನ್ನು ಗಿರಾಕಿಗಳಿಗೆ ತಲುಪಿಸುವ ಕೆಲಸಕ್ಕೆ ಸೇರಿದೆ. ಮೊದಲ ಸಲ ಒಬ್ಬನೇ ಪಶ್ಚಿಮ ಕರಾವಳಿಯ ದುಖಾನ್ ಎಂಬ ಊರಿಗೆ ಒಂದು ಕಾರು ಒಯ್ದೆ. ತಲುಪಿಸಿದ ಮೇಲೆ ನನ್ನನ್ನು ಕರೆದೊಯ್ಯಲು ಪಿಕಪ್ಪಿನಲ್ಲಿ ಮೆಕ್ಯಾನಿಕ್ ಬರಬೇಕಿತ್ತು. ಪೆಟ್ರೋಲ್ ಪಂಪಿನಲ್ಲಿ ಕಾಯಲು ಹೇಳಿದ್ದರು. ನೆರಳಿತ್ತು, ಬೆಂಚಿತ್ತು, ತಣ್ಣಗಿನ ನೀರಿತ್ತು. ಹತ್ತು ನಿಮಿಷ ಕೂತೆ. ಎದ್ದು ದೋಹಾದ ಕಡೆಗೆ ನಡೆಯತೊಡಗಿದೆ.

ಪಿಕಪ್ಪು ಎದುರಿನಿಂದ ಬಂದು ನಿಂತಾಗ ಪಂಪು ಹಿಂದೆ ಚುಕ್ಕಿಯಷ್ಟೇ ಕಾಣುತ್ತಿತ್ತು. ಮೆಕ್ಯಾನಿಕ್ ಗಾಜು ಇಳಿಸಿದರು.

"ಎಂತ ಮಾರಾಯ್ರೆ ಇದು? ನಡೆದು ಹೋಗಿ ದೋಹಾ ಮುಟ್ಲಿಕ್ಕೆ ಉಂಟಾ?"

"ಇಲ್ಲ."

"ಮತ್ತೆ?"

ಬಾಗಿಲು ತೆಗೆದು ಹತ್ತಿ ಕೂತೆ. ಚಪ್ಪಲಿಯ ಒಳಗೆ ಮರಳು ತುಂಬಿತ್ತು. ಅವರು ನೀರಿನ ಬಾಟಲಿ ನನ್ನ ಮಡಿಲಿಗೆ ಹಾಕಿ, ಏನೋ ಗೊಣಗುತ್ತ, ಗೇರು ಹಾಕಿದರು.