ಪ್ರೋಗ್ರಾಂ ಬಚ್ಚಿಟ್ಟ ಯಜಮಾನ

ಎಡಗೈಯ ಹೆಬ್ಬೆರಳಿಗೆ ಸದಾ ಎಲೆಯಡಿಕೆಯ ಸುಣ್ಣ. ಆ ಕೈಯನ್ನು ಕೀಬೋರ್ಡಿಗೆ ಅಡ್ಡ ಹಿಡಿದು, ಅದರ ಮರೆಯಲ್ಲಿ ಬಲಗೈಯಿಂದ ಟಕಟಕ ಏನೋ ಹೊಡೆಯುತ್ತಿದ್ದ, ಚನ್ನರಾಯಪಟ್ಟಣದಲ್ಲಿ ನನಗೆ ಮೊದಲ ಕೆಲಸ ಕೊಟ್ಟ ಟೈಪಿಂಗ್ ಅಂಗಡಿಯ ಯಜಮಾನ. ಅನ್ನ ಕೊಟ್ಟವರನ್ನು ಏಕವಚನದಲ್ಲಿ ಕರೆಯಬಾರದಂತೆ. ಕರೆಯುತ್ತೇನೆ, ಏನೀಗ?

ತೊಂಬತ್ತರ ದಶಕ. ಕಂಪ್ಯೂಟರೆಂದರೆ ಕಪ್ಪು ಪರದೆ, ಅದರಲ್ಲಿ ಮಿಣುಕುವ ಒಂದು ಗೆರೆ. ಕನ್ನಡ ಟೈಪಿಂಗಿನ ಪ್ರೋಗ್ರಾಂ ಡಿಸ್ಕಿನೊಳಗೆ ಎಲ್ಲಿದೆಯೆಂದು ಗೊತ್ತಿದ್ದು, ಆ ಜಾಗದ ಹೆಸರು ಹೊಡೆದರೆ ಮಾತ್ರ ತೆರೆಯುತ್ತಿತ್ತು. ಅದು ಗೊತ್ತಿದ್ದದ್ದು ಆತನೊಬ್ಬನಿಗೇ. "ಏಯ್, ಆ ಕಡೆ ತಿರಿಕ್ಕೊ ಕಣಮ್ಮಿ" ಅನ್ನುವನು. ದಿನಾ ಬೆಳಿಗ್ಗೆ ನಾನು ಗೋಡೆ ನೋಡಬೇಕು. ಕೇಳಿದರೆ, "ನಿಂಗ್ಯಾಕದು? ಕಲ್ತು ಎದುರ್ಗಡೆ ಅಂಗ್ಡಿ ಇಕ್ಕಕಾ?" ಆತ ನೆಂಟರ ಮನೆಗೆ ಹೋದ ದಿನ ಪ್ರೋಗ್ರಾಮೂ ಇಲ್ಲ, ನನಗೆ ಸಂಬಳವೂ ಇಲ್ಲ. ನನ್ನ ಮನೆಯ ಒಲೆ ಉರಿಯುವುದು ಆತ ಊರಲ್ಲಿದ್ದರೆ ಮಾತ್ರ.

ಅಂಥದೇ ಒಂದು ದಿನ ಬಾಗೂರಿನ ಗೌಡರೊಬ್ಬರು ಓಡಿಬಂದರು. ನಮ್ಮಲ್ಲೇ ಟೈಪಾದ ಮಗಳ ಲಗ್ನಪತ್ರಿಕೆ ಅಚ್ಚಿಗೆ ಹೋಗುವುದರಲ್ಲಿತ್ತು. "ಆಮಂತ್ರಿಸುವವರಲ್ಲಿ ನಮ್ಮಣ್ಣನ ಎಸ್ರೇ ಬಿಟ್ಟೋಗದೆ ಕಣವ್ವ! ಮದ್ವೆಗೇ ಬರಕಿಲ್ಲ ಅಂತ ಕುಂತವ್ನೆ. ಇವತ್ತೇ ಸೇರ್ಸ್ಕೊಡು" ಎಂದು ಬೇಡಿಕೊಂಡರು. ಯಜಮಾನ ಅರಕಲಗೂಡಿಗೆ ಹೋಗಿದ್ದ.

ಹಾಸನದಲ್ಲಿ ಕಂಪ್ಯೂಟರ್ ಕಲಿಯುವಾಗ ಒಂದು ಸಾಲು ಹೇಳಿಕೊಟ್ಟಿದ್ದರು: ಡಿಐಆರ್, ಸ್ಟಾರ್ ಡಾಟ್ ಇಎಕ್ಸ್‌ಇ, ಸ್ಲ್ಯಾಶ್ ಎಸ್. ಡಿಸ್ಕಿನ ಮೂಲೆಮೂಲೆ ಜಾಲಾಡಿ, ಯಾವ ಪ್ರೋಗ್ರಾಂ ಎಲ್ಲಿದೆಯೆಂದು ಸಾಲಾಗಿ ತೋರಿಸುವ ಆಜ್ಞೆ. ಯಜಮಾನನ ಭಯಕ್ಕೆ ಅದುವರೆಗೆ ಹೊಡೆದಿರಲಿಲ್ಲ; ಆವತ್ತು ದೇವರನ್ನು ನೆನೆದು ಹೊಡೆದೆ. ಹೆಸರುಗಳು ಸರಸರ ಓಡಿದವು. ಸಿಕ್ಕಿತು. ಎಲ್ಲಿ ಅಂತೀರಿ? "ವೈರಸ್" ಎಂದು ಹೆಸರಿಟ್ಟ ಜಾಗದೊಳಗೆ! ಆ ಹೆಸರು ಕಂಡರೆ ಊರಿನವರೆಲ್ಲ ಹೆದರಿ ಸಾಯುತ್ತಿದ್ದ ಕಾಲ. ಯಾರೂ ಮುಟ್ಟದಿರಲೆಂದು ಅಲ್ಲಿಟ್ಟಿದ್ದ. ಎಂಥಾ ಖದೀಮ!

ಅಣ್ಣನ ಹೆಸರು ಸೇರಿಸಿಕೊಟ್ಟೆ. ಗೌಡರು ಕೈಮುಗಿದು ಹೋದರು.

ಮಾರನೆಯ ದಿನ ವಿಷಯ ತಿಳಿದು ಯಜಮಾನ ಕುಣಿದಾಡಿಬಿಟ್ಟ. "ಉಂಡ ಮನೆ ಗಳ ಇರಿಯೋಳು! ಕಳ್ಳಿ!"

"ಕದ್ದಿಲ್ಲ ಸಾ, ಹುಡುಕ್ದೆ" ಎಂದೆ.

"ಎಳ್ಡೂ ಒಂದೇ. ಓಗಾಚೆ!"

ಆವತ್ತೇ ಕೆಲಸ ಹೋಯಿತು. ಅಲ್ಲಿ ಇಲ್ಲಿ ದುಡಿದು, ಕೊನೆಗೆ ಹೊಳೆನರಸೀಪುರದಲ್ಲಿ ನನ್ನದೇ ಅಂಗಡಿ ಹಾಕಿದೆ. ಆತ ಹೊರಗೆ ಹಾಕಿದ್ದಕ್ಕೇ ನೀನು ಅಂಗಡಿ ಹಾಕಿದ್ದು, ಅದು ಆತನ ಋಣವೇ ಅನ್ನುತ್ತಾರೆ ನಮ್ಮಮ್ಮ. ಇರಬಹುದು. ಆದರೂ ಕ್ಷಮಿಸಿಲ್ಲ.

ಎರಡು ಸಾವಿರದ ಇಸವಿಯ ಈಚೆಗೆ ಆತನ ಹೆಂಡತಿ ನನ್ನ ಅಂಗಡಿ ಹುಡುಕಿಕೊಂಡು ಬಂದರು. ಗಂಡ ಎದೆನೋವೆಂದು ಮಲಗಿದವನು ಏಳಲಿಲ್ಲವಂತೆ. ಕಂಪ್ಯೂಟರ್ ಹೊಸದು ತಂದಿದ್ದನಂತೆ, ಅದರಲ್ಲೂ ಕನ್ನಡದ ಪ್ರೋಗ್ರಾಂ ಎಲ್ಲಿ ಬಚ್ಚಿಟ್ಟಿದ್ದಾನೋ ಯಾರಿಗೂ ಗೊತ್ತಿಲ್ಲವಂತೆ. "ಇಷ್ಟ್ ವರ್ಸ ಸಂಸಾರ ಮಾಡ್ದೆ ಕಣವ್ವ, ನಂಗೂ ಯೋಳ್ನಿಲ್ಲ. ಅಂಗ್ಡಿ ಮುಚ್ಚೋದ್ರೆ ಎಂಗ್ ಬದುಕ್ಲಿ?"

ಸತ್ತವನನ್ನು ದಾರಿಯುದ್ದಕ್ಕೂ ಬೈಯುತ್ತಲೇ ಚನ್ನರಾಯಪಟ್ಟಣದ ಬಸ್ಸಿನಲ್ಲಿ ಹೋದೆ. ಕಂಪ್ಯೂಟರ್ ಹಾಕಿ ಕಪ್ಪು ಪರದೆ ತೆರೆದೆ. "ನೀನೇ ತಕ್ಕೊಟ್ಟು ಓಗವ್ವ, ಸಾಕು" ಎಂದರು ಆಕೆ.

"ಸಾಕಾಗಲ್ಲ. ನೀವೇ ಕೂತ್ಕೊಳಿ" ಎಂದು ಕುರ್ಚಿಯಲ್ಲಿ ಕೂರಿಸಿದೆ.

ಅಕ್ಷರ ಹುಡುಕಿ ಹುಡುಕಿ, ನಾನು ಹೇಳಿದ ಸಾಲನ್ನು ಒಂದೇ ಬೆರಳಿನಲ್ಲಿ ಹೊಡೆದರು. ಹೆಸರುಗಳು ಓಡಿ ನಿಂತವು. ನಮಗೆ ಬೇಕಾದದ್ದೂ ಅದರಲ್ಲಿತ್ತು. ಆಕೆ ಅದನ್ನು ನೋಡಿ, ನನ್ನನ್ನು ನೋಡಿದರು.

"ಇಷ್ಟೇನಾ ನಂಗೂ ಯೋಳ್ದೆ ಮುಚ್ಚಿಟ್ಟಿದ್ದು?"

"ಇಷ್ಟೇ ಕಣಮ್ಮ."

ಆಗ ಸೆರಗು ಬಾಯಿಗಿಟ್ಟುಕೊಂಡು ಅತ್ತರು. ನಾನು ಸಮಾಧಾನ ಮಾಡಲಿಲ್ಲ.